ಬೀಗಿತ್ತಿಯ ಲೆಕ್ಕಕ್ಕೆ ತಪ್ಪು ಗುರುತು

ತೀರ್ಥಹಳ್ಳಿ
14 ಜುಲೈ 2025

ಪ್ರೀತಿಯ ಅಪ್ಪಾ,

ನೋಡಿ, ಬರೆದೇಬಿಟ್ಟೆ! "ಫೋನಲ್ಲಿ ಆಡಿದ್ದು ಗಾಳಿಗೆ ಹೋಗುತ್ತೆ, ಕಾಗದ ಬರಿ, ಕನ್ನಡದಲ್ಲೇ ಬರಿ" ಅಂತ ಮದುವೆ ಮನೆಯಲ್ಲಿ ಅಷ್ಟು ಜನರ ಮುಂದೆ ಹೇಳಿದಿರಲ್ಲ. ಇಂಗ್ಲಿಷ್ ಮೀಡಿಯಂ ಹುಡುಗಿ ಬರೆಯುವುದಿಲ್ಲ ಅಂತ ಅಮ್ಮ ನಕ್ಕಿದ್ದರು. ಅಮ್ಮನಿಗೆ ಈ ಕಾಗದ ತೋರಿಸಿ.

ನಾನು ತುಂಬಾ, ತುಂಬಾ, ತುಂಬಾ ಖುಷಿಯಾಗಿದ್ದೇನೆ. ನಿಮ್ಮ ಅಳಿಯ ಪೂರ್ಣೇಶ್ ತಮ್ಮ ಮೋಟರ್ ರಿವೈಂಡಿಂಗ್ ಅಂಗಡಿಯ ಬೋರ್ಡಿಗೆ ನನ್ನ ಹೆಸರು ಇಡುತ್ತಾರಂತೆ. 'ಯಶಸ್ವಿನಿ ರಿವೈಂಡಿಂಗ್ ವರ್ಕ್ಸ್'! ಬೇಡ ಅಂದೆ, ಆದರೆ ಜೋರಾಗಿ ಬೇಡ ಅನ್ನಲಿಲ್ಲ. ತುಂಗಾ ಸೇತುವೆಯ ಮೇಲೆ ಇಬ್ಬರೂ ನಡೆದುಕೊಂಡು ಹೋಗುತ್ತೇವೆ, ಎದುರಿಗೆ ಬಂದವರೆಲ್ಲ "ಏನ್ ಪೂರ್ಣೇಶಣ್ಣ, ಮೋಟರ್ ಯಾವಾಗ ಕೊಡ್ತೀಯಾ?" ಅಂತ ಕೇಳುತ್ತಾರೆ. ಇವರು ನನ್ನನ್ನು ತೋರಿಸಿ, "ಈಗ ಓನರ್ ಇವ್ರು, ಇವ್ರನ್ನೇ ಕೇಳಿ" ಅನ್ನುತ್ತಾರೆ.

ಮಾವ ಮೊದಲೇ ಹೋಗಿಬಿಟ್ಟಿದ್ದರಿಂದ ಮನೆಯಲ್ಲಿ ನಾವು ಮೂರೇ ಜನ. ಅತ್ತೆ ಒಳ್ಳೆಯವರು. ಅವರು ಮುಕ್ತ ಶಾಲೆಯ ಹತ್ತನೇ ಕ್ಲಾಸಿನ ಪರೀಕ್ಷೆ ಕಟ್ಟಿದ್ದಾರೆ, ನಿಮಗೆ ಗೊತ್ತಾ? ಬೇರೆ ವಿಷಯಗಳೆಲ್ಲ ಪಾಸ್. ಗಣಿತ ಮಾತ್ರ ಬಾಕಿ. ಅಕ್ಟೋಬರಿನಲ್ಲಿ ಕೊನೆಯ ಅವಕಾಶವಂತೆ. ತಪ್ಪಿದರೆ ಎಲ್ಲ ವಿಷಯವನ್ನೂ ಮತ್ತೆ ಮೊದಲಿನಿಂದ ಬರೆಯಬೇಕು. ಅವರಿಗೆ ತೊಂದರೆ ಕೊಡುತ್ತಿರುವುದು ಇನ್‌ಈಕ್ವಾಲಿಟಿ. ಕನ್ನಡದಲ್ಲಿ ಏನೋ 'ಅಸಮತೆ' ಅಂತ ಇದೆ. ನಾನು ಹೇಳಿಕೊಡಲು ಹೋದೆ. ಸ್ವಲ್ಪ ಹೊತ್ತು ಕೇಳಿ, "ನಿನ್ನ ಗ್ರೇಟರು ಲೆಸ್ಸರು ನಂಗೆ ಹತ್ತಲ್ಲ ಮಾರಾಯ್ತಿ" ಅಂದರು. ಆಗ ನಾನೇ ಜಂಬದಿಂದ, "ನಮ್ಮಪ್ಪ ಸಾಗರದಲ್ಲಿ ಫೇಮಸ್ ಮ್ಯಾಥ್ಸ್ ಮೇಷ್ಟ್ರು, ಕಳಿಸಿ ಅತ್ತೆ" ಅಂದೆ. ಬೀಗರಿಗೆ ಲೆಕ್ಕ ತೋರಿಸುವುದಾ ಅಂತ ನಾಚಿಕೊಂಡರು. ಬಿಡಿಸಿದ ಒಂದು ಹಾಳೆಯನ್ನು ಬಲವಂತದಿಂದ ತೆಗೆದುಕೊಂಡು ಇದರಲ್ಲಿ ಇಟ್ಟಿದ್ದೇನೆ. ಎರಡು ಸಾಲು ಬರೆದರೆ ಸಾಕು. ಉಳಿದದ್ದೆಲ್ಲ ನನಗೆ ಬರೆಯಿರಿ!

ನಿಮ್ಮ ಯಶೂ


ಸಾಗರ
19 ಜುಲೈ 2025

ಯಶಸ್ವಿನಿ ಮಗಳೇ,

ಕಾಗದ ತಲುಪಿತು. ಸಂತೋಷ. ನಾನೂ ನಿನ್ನ ಅಮ್ಮನೂ ಕ್ಷೇಮ.

ಇನ್ನು ಹಾಳೆಯ ವಿಚಾರ. ಬೀಗಿತ್ತಿಯವರ ಅಕ್ಷರ ಮುದ್ರಿಸಿದ ಹಾಗಿದೆ. ಸಂಖ್ಯಾರೇಖೆಯನ್ನು ಅಡಿಪಟ್ಟಿ ಇಟ್ಟು ಎಳೆದಿದ್ದಾರೆ, ಮನೆ ಮನೆ ಸಮ ಅಂತರ. ಗಡಿಯ ಸಂಖ್ಯೆ ಉತ್ತರದಲ್ಲಿ ಸೇರದಿದ್ದರೆ ಖಾಲಿ ವೃತ್ತ, ಸೇರಿದರೆ ತುಂಬಿದ ವೃತ್ತ ಎನ್ನುವುದರಲ್ಲಿ ಒಂದು ಕಡೆಯೂ ತಪ್ಪಿಲ್ಲ. ಎಷ್ಟೋ ಮಕ್ಕಳು ಎಡವುವ ಜಾಗ ಅದು.

ಒಂದೇ ತೊಡಕು. ಋಣ ಸಂಖ್ಯೆಯಿಂದ ಭಾಗಿಸಿದಾಗ ಅಸಮತೆಯ ಚಿಹ್ನೆ ತಿರುಗಬೇಕು. ಅವರು ತಿರುಗಿಸುವುದಿಲ್ಲ. 7 − 2x > 1 ಎಂಬ ಲೆಕ್ಕಕ್ಕೆ x > 3 ಎಂದಿದ್ದಾರೆ. x < 3 ಆಗಬೇಕು. ಸಂಶಯವಿದ್ದರೆ x ಜಾಗದಲ್ಲಿ ಸೊನ್ನೆ ಇಟ್ಟು ನೋಡಲಿ. ಏಳು ಒಂದಕ್ಕಿಂತ ದೊಡ್ಡದು, ಸರಿಯೇ. ಹಾಗಾದರೆ ಸೊನ್ನೆ ಉತ್ತರದ ಕಡೆಗೆ ಇರಬೇಕು. ಅವರ ಬಾಣ ಸೊನ್ನೆಗೆ ಬೆನ್ನು ಹಾಕಿ ಹೊರಟಿದೆ.

ಆದರೆ ಹೆಣ್ಣು ಕೊಟ್ಟವನು ನಾನು. ಗಂಡಿನ ತಾಯಿಯ ಹಾಳೆಗೆ ತಪ್ಪು ಗುರುತು ಹಾಕುವುದು ಹೇಗೆ? ಪೆನ್ನು ಎತ್ತಿದೆ, ಕೈ ಬರಲಿಲ್ಲ. ಸರಿಯಾದ ಲೆಕ್ಕಕ್ಕೆ ಕೆಂಪಿನಲ್ಲಿ ಸರಿ ಹಾಕಿದ್ದೇನೆ. ತಪ್ಪಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಮಾತ್ರ ಇಟ್ಟಿದ್ದೇನೆ. ಚುಕ್ಕಿ ಇರುವ ಕಡೆ ನೀನು ಮೆಲ್ಲಗೆ, ಅವರ ಮನಸ್ಸಿಗೆ ನೋವಾಗದ ಹಾಗೆ, ಚಿಹ್ನೆಯ ವಿಷಯ ಹೇಳು. ಇನ್ನಷ್ಟು ಹಾಳೆ ಕಳಿಸಲು ತಿಳಿಸು. ಸಂಕೋಚ ಬೇಡವೆನ್ನು.

ಆಶೀರ್ವಾದಗಳೊಂದಿಗೆ,
ಚಂದ್ರಯ್ಯ


ತೀರ್ಥಹಳ್ಳಿ
26 ಜುಲೈ 2025

ಪ್ರೀತಿಯ ಅಪ್ಪಾ,

ನಾನು ಲೆಕ್ಕದಲ್ಲಿ ವೀಕ್ ಇರಬಹುದು. ಆದರೂ ನಿಮ್ಮ ಕಾಗದದಲ್ಲಿ ನನಗೆ ಎಷ್ಟು ಸಾಲು, ಅತ್ತೆಗೆ ಎಷ್ಟು ಸಾಲು ಅಂತ ನೋಡಲು ಬರುತ್ತದೆ. ಕೋಪ ಇಲ್ಲ, ಸುಮ್ಮನೆ ಹೇಳಿದೆ! ಮಗಳು ಹೊಸ ಮನೆಯಲ್ಲಿ ಊಟ ಮಾಡುತ್ತಾಳಾ, ನಿದ್ದೆ ಮಾಡುತ್ತಾಳಾ ಅಂತ ಯಾರೂ ಕೇಳಲಿಲ್ಲ. ನಾನೇ ಹೇಳುತ್ತೇನೆ. ಊಟ ಮಾಡುತ್ತೇನೆ. ನಿದ್ದೆ ಬರುತ್ತದೆ. ಮೇಗರವಳ್ಳಿಯಲ್ಲಿ ಪೂರ್ಣೇಶ್ ಫ್ರೆಂಡ್ ಮನೆಗೆ ಹೋಗಿದ್ದೆವು, ಅಲ್ಲಿ ನನ್ನ ಕಾಲಿಗೆ ರಕ್ತ ಹೀರುವ ಉಂಬಳ ಹತ್ತಿ ನಾನು ಕಿರುಚಿದ್ದಕ್ಕೆ ಇವರು ನನ್ನನ್ನು ಎತ್ತಿಕೊಂಡೇ ಗೇಟಿನವರೆಗೆ ಬಂದರು. (ಅಮ್ಮನಿಗೆ ಇದನ್ನು ಓದಬೇಡಿ.)

ಹಾಳೆ ನೋಡಿ ಅತ್ತೆಯ ಮುಖ ಎಷ್ಟು ಅರಳಿತು ಅಂದರೆ! "ಇಷ್ಟೆಲ್ಲ ಸರಿ ಬಂದಿದ್ಯಾ?" ಅಂತ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ಪೂರ್ಣೇಶ್ ನೀರು ಕುಡಿಯಲು ಹೋದಾಗಲೆಲ್ಲ, "ಅಮ್ಮ ರ್‍ಯಾಂಕ್ ಬರ್ತಾಳೆ ಕಣೇ" ಅನ್ನುತ್ತಾರೆ. ಆ ಫ್ರಿಜ್ಜಿಗೆ ನಮ್ಮ ಮದುವೆ ಫೋಟೋ ಅಂಟಿಸಬೇಕು ಅಂತ ನಾನು ಮ್ಯಾಗ್ನೆಟ್ ತಂದಿದ್ದೆ.

ನೀವು ತಿಳಿಸು ಅಂದಿದ್ದಕ್ಕೆಲ್ಲ ಒಳ್ಳೆಯ ಸಮಯ ನೋಡಿ ಮಾತಾಡಬೇಕು, ಅಲ್ವಾ? ನೀವು ಅದರ ಚಿಂತೆ ಬಿಡಿ. ಹೊಸ ಹಾಳೆಗಳನ್ನು ಇಟ್ಟಿದ್ದೇನೆ. ಕವರು ದಪ್ಪ ಆಗಿ ಜಾಸ್ತಿ ಸ್ಟಾಂಪು ಹಚ್ಚಬೇಕಾಯಿತು.

ಯಶೂ


ಸಾಗರ
4 ಆಗಸ್ಟ್ 2025

ಯಶಸ್ವಿನಿ ಮಗಳೇ,

ಊಟ, ನಿದ್ದೆ ಸರಿಯಾಗಿದೆ ಎಂದು ತಿಳಿದು ನೆಮ್ಮದಿ.

ಈ ಸಲದ ಹಾಳೆಗಳು ನನ್ನನ್ನು ಕಂಗೆಡಿಸಿವೆ. ಚಿಹ್ನೆ ಒಂದು ಕಡೆಯೂ ತಿರುಗಿಲ್ಲ. ನೀನು ಹೇಳಿದ್ದು ಅವರಿಗೆ ತಿಳಿಯಲಿಲ್ಲವೋ ಏನೋ. ಅದಕ್ಕಿಂತ ವಿಚಿತ್ರವೆಂದರೆ, ಮೊದಲು ಸರಿಯಾಗಿ ಖಾಲಿ ಬಿಟ್ಟಿದ್ದ ವೃತ್ತಗಳನ್ನೆಲ್ಲ ಈಗ ಪೆನ್ಸಿಲಿನಿಂದ ತುಂಬಿಬಿಟ್ಟಿದ್ದಾರೆ. ಇದ್ದ ಒಂದು ತಪ್ಪು ಎರಡಾಗಿದೆ. ಏಕೆ ಹೀಗೆ ಮಾಡಿದರೆಂದು ಗೊತ್ತಾದರೆ ಬರಿ. ಪರೀಕ್ಷೆ ಹತ್ತಿರ ಬರುತ್ತಿದೆ.

ಆದರೂ ಒಂದು ಮಾತು. ಹಾಳೆಯ ಕೆಳಗೆ ಅವರು ಸಣ್ಣದಾಗಿ ಬರೆದಿದ್ದಾರೆ: "ಒಂದು ಲೆಕ್ಕಕ್ಕೆ ಒಂದು ಉತ್ತರ ಇರಬೇಕಲ್ಲವೇ? ಇಲ್ಲಿ ಬಾಣದ ಉದ್ದಕ್ಕೂ ಉತ್ತರವೇ. ಹಾಗಾದರೆ ನಾನು ಕಂಡುಹಿಡಿದದ್ದು ಏನು?" ನಾನು ಪಾಠ ಮಾಡಿದ ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಲಿಲ್ಲ. ಸಂಜೆಯೆಲ್ಲ ಇದನ್ನೇ ಯೋಚಿಸುತ್ತ ಗಣಪತಿ ಕೆರೆ ದಂಡೆಯಲ್ಲಿ ಕುಳಿತಿದ್ದೆ. ಅವರು ಕಂಡುಹಿಡಿದದ್ದು ಗಡಿಯನ್ನು ಎಂದು ತಿಳಿಸು. ಎಲ್ಲಿಯವರೆಗೆ ಸರಿ, ಎಲ್ಲಿಂದ ಸರಿಯಲ್ಲ ಎನ್ನುವುದೇ ಉತ್ತರ. ಎಂಥ ಬುದ್ಧಿವಂತೆ!

ಚಂದ್ರಯ್ಯ

ಯಶೂ, ನಾನು ಅಮ್ಮ. ನಿಮ್ಮಪ್ಪ ಕವರು ಅಂಟಿಸೋಕೆ ಮೊದ್ಲು ಕಿತ್ಕೊಂಡು ಬರೀತಿದೀನಿ. ದಿನಾ ಬೆಳಿಗ್ಗೆ ಗೇಟಲ್ಲಿ ನಿಂತು ಪೋಸ್ಟ್‌ಮನ್ ದಾರಿ ಕಾಯ್ತಾರೆ. ಕೆಂಪು ಪೆನ್ನಿಗೆ ಹೊಸ ರೀಫಿಲ್ ತಂದ್ರು. ನಂಗೆ ಒಂದು ಸೊಪ್ಪು ತಂದ್ಕೊಡಿ ಅಂದ್ರೆ ಮೊಣಕಾಲು ನೋವು. ಅಮ್ಮ ಶೇಷಮ್ಮ.


ತೀರ್ಥಹಳ್ಳಿ
11 ಆಗಸ್ಟ್ 2025

ಅಪ್ಪಾ,

'ಎಂಥ ಬುದ್ಧಿವಂತೆ.' ಈ ಎರಡು ಪದ ಓದಿ ನಾನು ಕಾಗದ ಮಡಚಿಟ್ಟೆ. ಮತ್ತೆ ತೆಗೆದು ಓದಿದೆ. ನನಗೆ ಯಾವತ್ತಾದರೂ ಹೀಗೆ ಬರೆದಿದ್ದೀರಾ? ಹೇಳಿದ್ದೀರಾ? ನಾನು ಏಳನೇ ಕ್ಲಾಸಿನವರೆಗೆ ನಿಮ್ಮ ಪಕ್ಕದಲ್ಲಿ ಕೂತು ಲೆಕ್ಕ ಮಾಡುತ್ತಿದ್ದೆ. ಆಮೇಲೆ ಒಂದು ದಿನ ನೀವು, "ನಾಳೆಯಿಂದ ಟ್ಯೂಷನ್ನಿಗೆ ಹೋಗು" ಅಂದಿರಿ. ಅಷ್ಟೇ. ನಾನು ದಡ್ಡಿ, ನಿಮಗೆ ಸಾಕಾಯಿತು ಅಂತ ಅಂದುಕೊಂಡೆ. ಊರಿನವರ ಮಕ್ಕಳೆಲ್ಲ ನಮ್ಮ ಜಗಲಿಯಲ್ಲಿ ಕೂತು ನಿಮ್ಮ ಹತ್ತಿರ ಕಲಿಯುತ್ತಿದ್ದರು, ನಾನು ಬ್ಯಾಗು ಹಾಕಿಕೊಂಡು ಅವರ ಮಧ್ಯದಿಂದ ದಾಟಿಕೊಂಡು ಬೇರೆಯವರ ಮನೆಗೆ ಟ್ಯೂಷನ್ನಿಗೆ ಹೋಗುತ್ತಿದ್ದೆ. ಈಗ ಅತ್ತೆಗಾಗಿ ಕೆರೆ ದಂಡೆಯಲ್ಲಿ ಕೂತು ಯೋಚನೆ, ಹೊಸ ರೀಫಿಲ್!

ನಿಮ್ಮಿಬ್ಬರ ಪದಗಳೇ ಬೇರೆ. ಅಸಮತೆ, ಚಲಾಕ್ಷರ, ಸಂಖ್ಯಾರೇಖೆ. ನನ್ನ ಅಪ್ಪನ ಪದಗಳು ಅತ್ತೆಗೆ ಬರುತ್ತವೆ, ನನಗೆ ಬರುವುದಿಲ್ಲ. ಮೊನ್ನೆ ಅವರ ಪುಸ್ತಕದಲ್ಲಿ 'x ಕನಿಷ್ಠ ಐದು' ಅಂತಿತ್ತು. ಕನಿಷ್ಠ ಅಂದರೆ ಕಡಿಮೆ ಅಲ್ವಾ, ಬಾಣ ಎಡಕ್ಕೆ ಹೋಗಬೇಕು ಅಂತ ನಾನು ಹೇಳಿದೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಕನಿಷ್ಠ ಐದು ಅಂದ್ರೆ ಐದಾದ್ರೂ ಬೇಕು ಅಂತ ಮಾರಾಯ್ತಿ! ಕನಿಷ್ಠ ಐದ್ ಜನ ನೆಂಟ್ರು ಬರ್ತಾರೆ ಅಂದ್ರೆ ನೀ ಮೂರ್ ಜನಕ್ಕೆ ಕಡುಬು ಬೇಯಿಸ್ತೀಯಾ?" ಪೂರ್ಣೇಶ್ ಕೂಡ ನಕ್ಕರು. ನಾನು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಇವರು ಹೊರಗಿನಿಂದ, "ಓನರೇ, ಬಾಗ್ಲು ತೆಗೀರಿ" ಅಂದರೂ ತೆಗೆಯಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ.

ವೃತ್ತ ಏಕೆ ತುಂಬಿದರು ಅಂತ ಕೇಳಿದ್ದೀರಿ. ನನಗೆ ಗೊತ್ತಿಲ್ಲ. ನೀವೇ ಕೇಳಿಕೊಳ್ಳಿ, ನೇರವಾಗಿ. ನಾನೇನು ನಿಮ್ಮಿಬ್ಬರ ಪೋಸ್ಟ್‌ಮನ್ನಾ?

ಯಶಸ್ವಿನಿ


ಸಾಗರ
20 ಆಗಸ್ಟ್ 2025

ಯಶೂ,

ನಿನ್ನ ಕಾಗದವನ್ನು ಅಮ್ಮನಿಗೆ ತೋರಿಸಲಿಲ್ಲ.

ನೀನು ದಡ್ಡಿಯೆಂದು ಟ್ಯೂಷನ್ನಿಗೆ ಕಳಿಸಲಿಲ್ಲ. ನಾನು ಕಲಿತದ್ದು, ಕಲಿಸಿದ್ದು ಕನ್ನಡದಲ್ಲಿ. ನಿನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದವನೂ ನಾನೇ. ನಿನಗೆ ಪಾಠ ಹೇಳುವ ಮೊದಲು ಶಬ್ದಕೋಶ ಇಟ್ಟುಕೊಂಡು ಆ ದಿನದ ಪದಗಳನ್ನು ಹಿತ್ತಲಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಆದರೆ ನಾಲಿಗೆ ಹೇಳಿದ ಹಾಗೆ ಕೇಳುತ್ತಿರಲಿಲ್ಲ. ನಿನ್ನ ಗೆಳತಿಯರು ಬಂದಿದ್ದ ದಿನ ನಾನು 'ಡಿನಾಮಿನೇಟರ್' ಎಂದು ಉಚ್ಚರಿಸಿದ ರೀತಿಗೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀನು ತಲೆ ತಗ್ಗಿಸಿದೆ. ನಕ್ಕಿದ್ದರೆ ಪರವಾಗಿರಲಿಲ್ಲ. ನೀನು ತಲೆ ತಗ್ಗಿಸುವುದನ್ನು ಇನ್ನೊಮ್ಮೆ ನೋಡುವುದು ಬೇಡ ಅನಿಸಿತು. ಮಾರನೆಯ ದಿನ ಟ್ಯೂಷನ್ ಗೊತ್ತು ಮಾಡಿದೆ.

ಬೀಗಿತ್ತಿಯವರಿಗೆ ಬರೆಯುವಾಗ ನನ್ನ ನಾಲಿಗೆಯ ಭಯ ನನಗೆ ಇರುವುದಿಲ್ಲ. ಅಷ್ಟೇ ವ್ಯತ್ಯಾಸ.

ನೇರವಾಗಿ ಕೇಳಿಕೊಳ್ಳಿ ಎಂದು ನೀನೇ ಬರೆದೆಯಲ್ಲ. ಹಾಗೆಯೇ ಮಾಡಿದ್ದೇನೆ. ಅವರಿಗೆ ಬೇರೆ ಕಾಗದ ಮತ್ತು ಅವರ ಹಾಳೆ ಇದರೊಳಗಿವೆ. ಕೊಡು.

ಅಪ್ಪ


ತೀರ್ಥಹಳ್ಳಿ
27 ಆಗಸ್ಟ್ 2025

ಅಪ್ಪಾ,

ಏನು ಮಾಡಿಬಿಟ್ಟಿರಿ ನೀವು! ಹಾಳೆಯ ತುಂಬ ಕೆಂಪು ಇಂಟು ಗುರುತು! ಅತ್ತೆ ಬಿಚ್ಚಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಕಾಗದದ ಮೇಲೆ 'ಬೀಗಿತ್ತಿಯವರಿಗೆ' ಅಂತ ಬರೆದು, ಹೊಡೆದು ಹಾಕಿ, 'ವಿದ್ಯಾರ್ಥಿನಿ ಹೇಮಾವತಿಗೆ' ಅಂತ ಬರೆದಿದ್ದೀರಿ. ಅತ್ತೆ ಅದನ್ನು ಬೆರಳಲ್ಲಿ ಸವರಿದರು. "ಹೇಮಾವತಿ ಅಂತ ಬರ್ದಿದಾರೆ ಕಣೇ. ಪೂರ್ಣೇಶನ ಅಮ್ಮ, ಅತ್ತೆ, ಅತ್ಗೆ... ನನ್ನ ಹೆಸ್ರು ಹಿಡ್ದು ಕರ್ದೋರು ಯಾರಿದಾರೆ?" ಅಂದರು. ನಿಮ್ಮ ಇಂಟು ಗುರುತುಗಳನ್ನು ನೋಡಿ ಅವರಿಗೆ ಅವಮಾನವಾಗಲಿಲ್ಲ ಅಪ್ಪಾ. ಹಬ್ಬದ ಸೀರೆ ಬಿಚ್ಚಿ ನೋಡುವ ಹಾಗೆ ಒಂದೊಂದನ್ನೇ ನೋಡಿದರು.

ಆಮೇಲೆ ಗಟ್ಟಿಯಾಗಿ ಓದಿದರು: "ಚಿಹ್ನೆ ತಿರುಗಬೇಕು. ಈ ವಿಷಯವನ್ನು ಮೊದಲ ಹಾಳೆಯ ಜೊತೆಗೇ ಯಶಸ್ವಿನಿಗೆ ಬರೆದಿದ್ದೆ."

ಅಲ್ಲಿಗೆ ನಿಲ್ಲಿಸಿದರು.

"ಹೌದೇನೇ?"

ಹೌದು ಅಂತ ತಲೆ ಆಡಿಸಿದೆ.

"ಮರ್ತ್‌ಹೋಯ್ತಾ, ಬೇಕು ಅಂತ್ಲೇ ಹೇಳ್ಲಿಲ್ವಾ?"

"ಬೇಕು ಅಂತ್ಲೇ" ಅಂದೆ. ಸುಳ್ಳು ಹೇಳಬಹುದಿತ್ತು, ಬಾಯಿಗೆ ಬರಲಿಲ್ಲ.

"ಹಂಗಾರೆ ಆ ಚುಕ್ಕಿ? ನಾನು ಕೇಳ್ದಾಗ ಎಂತ ಇಲ್ಲ, ಚೆನ್ನಾಗಿದೆ ಅಂದ್ಯಲ್ಲ? ಮೇಷ್ಟ್ರು ಚುಕ್ಕಿ ಇಟ್ಟಿದಾರೆ ಅಂದ್ರೆ ವೃತ್ತ ತುಂಬು ಅಂತ ಇರ್ಬೇಕು ಅಂದ್ಕೊಂಡು ಎಲ್ಲ ಕಪ್ಪು ಮಾಡ್ದೆ. ನೀನು ಪಕ್ಕದಲ್ಲಿ ಕೂತು ನೋಡ್ತಾ ಇದ್ದೆ!"

ಹೌದು ಅಪ್ಪಾ. ಅವರು ತುಂಬುತ್ತಿದ್ದರು, ನಾನು ಟೀ ಕುಡಿಯುತ್ತ ನೋಡುತ್ತಿದ್ದೆ. ನನಗೆ ಗೊತ್ತಿತ್ತು. ನಿಮಗೆ ಗೊತ್ತಿಲ್ಲ ಅಂತ ಬರೆದೆ.

ಅತ್ತೆ ಎದ್ದು ಒಳಗೆ ಹೋದರು. ಪಾತ್ರೆ ಸದ್ದು ಕೇಳಿತು. ನಾನು ಅಳುತ್ತ ನಿಂತಿದ್ದೆ. ಈ ಮನೆಯಲ್ಲಿ ಇನ್ನು ನನ್ನ ಮುಖ ತೋರಿಸುವುದು ಹೇಗೆ ಅಂತ. ಅವರು ಹೊರಗೆ ಬಂದಾಗ ಕೈಯಲ್ಲಿ ಎರಡು ಲೋಟ ಕಾಫಿ.

"ತಗ. ಇದಕ್ಕೆ ಸಕ್ಕರೆ ಹಾಕಿದೀನಿ."

ನನಗೆ ಅರ್ಥವಾಗಲಿಲ್ಲ.

"ಪೂರ್ಣೇಶ ಅಂಗ್ಡಿಯಿಂದ ಬಂದೋನು ಮೊದ್ಲು, 'ಅಮ್ಮಾ, ಎಂತ ಇದೆ ತಿನ್ನಕ್ಕೆ' ಅಂತಿದ್ದ. ಈಗ ಚಪ್ಲಿ ಬಿಡೋದ್ರೊಳಗೆ 'ಯಶೂ'. ಒಂದಿನ ನಂಗೆ ಎಷ್ಟ್ ಉರೀತು ಅಂದ್ರೆ, ನಿನ್ನ ಕಾಫಿಗೆ ಸಕ್ಕರೆನೇ ಹಾಕ್ದೆ ಕೊಟ್ಟೆ. ನೀನು, 'ಸೂಪರ್ ಅತ್ತೆ' ಅಂತ ಕುಡ್ದೆ! ನಿನ್ನ ಹತ್ರ ಜಗಳ ಆಡಕ್ಕೂ ಆಗಲ್ಲ ಕಣೇ." ಆಮೇಲೆ ನಗುವುದನ್ನು ನಿಲ್ಲಿಸಿ, "ಆದ್ರೆ ಕಾಫಿ ಬೇರೆ, ಪರೀಕ್ಷೆ ಬೇರೆ. ಇದು ತಪ್ಪಿದ್ರೆ ನಂಗೆ ಇನ್ನೊಂದು ಸಲ ಇಲ್ಲ. ಬಾ, ಕೂತ್ಕೋ. ಕಲ್ಸು. ಕನ್ನಡ್ದಲ್ಲಿ" ಅಂದರು.

ನಿಮ್ಮ ಮೊದಲ ಕಾಗದ ತಂದು ಎದುರಿಗಿಟ್ಟುಕೊಂಡು ಹೇಳಿಕೊಟ್ಟೆ. ಎರಡು ಐದಕ್ಕಿಂತ ಚಿಕ್ಕದು. ಎರಡನ್ನೂ ಋಣ ಮಾಡಿದರೆ ಮೈನಸ್ ಎರಡು ಮೈನಸ್ ಐದಕ್ಕಿಂತ ದೊಡ್ಡದು. ಸೊನ್ನೆಯ ಆಚೆ ಹೋದರೆ ಎಲ್ಲ ತಿರುಗುಮುರುಗು. ಪೂರ್ಣೇಶ್ ಬಂದು ನೋಡಿ, "ಮೋಟರಿಗೆ ಎರಡು ಫೇಸಿನ ವೈರು ಅದಲುಬದಲು ಮಾಡಿದ್ರೆ ಉಲ್ಟಾ ತಿರ್ಗುತ್ತಲ್ಲ, ಹಂಗೆ" ಅಂದರು. ಅತ್ತೆ, "ನೀನು ಸುಮ್ನಿರು, ನಮ್ ಕ್ಲಾಸಲ್ಲಿ ಹೊರಗಿನೋರು ಮಾತಾಡ್ಬಾರ್ದು" ಅಂದರು.

ಡಿನಾಮಿನೇಟರ್ ವಿಷಯ. ಆ ದಿನ ನನಗೆ ನೆನಪಿದೆ ಅಪ್ಪಾ. ನಿಮ್ಮ ಬಗ್ಗೆ ನಾಚಿಕೆಯಾಗಿ ತಲೆ ತಗ್ಗಿಸಲಿಲ್ಲ. ಅವರು ನಿಮ್ಮನ್ನು ನೋಡಿದ ರೀತಿಗೆ ಕಣ್ಣಲ್ಲಿ ನೀರು ಬಂದಿತ್ತು, ಅದು ಅವರಿಗೆ ಕಾಣಬಾರದು ಅಂತ. ನೀವು ಒಂದು ಸಲ ಕೇಳಿದ್ದರೆ ಹೇಳುತ್ತಿದ್ದೆ.

ಆದರೂ ನನ್ನ ಹೊಟ್ಟೆಕಿಚ್ಚು ಪೂರ್ತಿ ಹೋಗಿಲ್ಲ. ಆ ಹಾಳೆ ಈಗ ಫ್ರಿಜ್ಜಿನ ಮೇಲಿದೆ. ಕೆಂಪು ಕೆಂಪಾಗಿ. ನೋಡಿದಾಗಲೆಲ್ಲ ಉರಿಯುತ್ತದೆ.

ಯಶೂ


ಸಾಗರ
12 ಅಕ್ಟೋಬರ್ 2025

ಯಶೂ,

ನಿನ್ನ ಕಾಗದಕ್ಕೆ ತಕ್ಷಣ ಉತ್ತರ ಬರೆಯಲಾಗಲಿಲ್ಲ. ಕುಳಿತೆ, ಬರೆದೆ, ಹರಿದೆ. ಇರಲಿ.

ಬೀಗಿತ್ತಿಯನ್ನು ಹೆಸರು ಹಿಡಿದು ಕರೆದು ಇಂಟು ಹಾಕಿದ್ದು ನಿನ್ನ ಅಮ್ಮನಿಗೆ ಹೇಗೋ ತಿಳಿದುಹೋಗಿ ದೊಡ್ಡ ರಂಪವಾಯಿತು. "ಮಗಳ ಸಂಸಾರ ಇನ್ನೂ ಹಸಿ ಇದೆ, ನಿಮ್ಗೆ ಮೇಷ್ಟ್ರಿಕೆ!" ಎಂದು. ಹೇಮಾವತಿಯವರು ಫೋನು ಮಾಡಿ, "ಇನ್ನೂ ಹಾಕ್ಲಿ ಬಿಡಿ" ಎಂದ ಮೇಲೆಯೇ ಮನೆ ತಣ್ಣಗಾದದ್ದು.

ಇತ್ತೀಚಿನ ಹಾಳೆಗಳಲ್ಲಿ ಚಿಹ್ನೆ ಎಲ್ಲ ಕಡೆ ತಿರುಗುತ್ತಿದೆ. ವೃತ್ತಗಳೂ ಸರಿ. ಪರೀಕ್ಷೆ ಹೊಸನಗರದಲ್ಲಿ ಎಂದು ಫೋನಿನಲ್ಲಿ ಹೇಳಿದೆಯಲ್ಲ. ನಮ್ಮಿಬ್ಬರ ಊರಿಗೂ ನಡುವೆ. ನಾನೂ ಬರುತ್ತೇನೆ. ಅವರು ಹೊರಗೆ ಬಂದ ಮೇಲೆ ಪ್ರಶ್ನೆಪತ್ರಿಕೆ ನೋಡಬೇಕು.

ಅಪ್ಪ


ತೀರ್ಥಹಳ್ಳಿ
30 ಅಕ್ಟೋಬರ್ 2025

ಪ್ರೀತಿಯ ಅಪ್ಪಾ,

ನೀವು ಸಾಗರ ಮುಟ್ಟಿದಿರಿ ಅಂತ ಅಮ್ಮ ಫೋನು ಮಾಡಿದರು. ಆದರೂ ಇದನ್ನು ಬರೆಯಲೇಬೇಕು.

ಮೊದಲು ಕೋಪದ ವಿಷಯ. ಮದುವೆಯಾದ ಮೇಲೆ ನಾನು ನಿಮ್ಮನ್ನು ನೋಡಿದ್ದು ಇದೇ ಮೊದಲು. ಹೊಸ ಸೀರೆ ಉಟ್ಟುಕೊಂಡು, ಪರೀಕ್ಷೆ ನಡೆಯುವ ಶಾಲೆಯ ಗೇಟಿನಲ್ಲಿ ಬಿಸಿಲಲ್ಲಿ ನಿಂತಿದ್ದೆ. ನೀವು ಬಂದವರು, "ಒಳಗೆ ಹೋದ್ರಾ ಅವ್ರು? ಅಡಿಪಟ್ಟಿ ತಂದಿದಾರಾ?" ಅಂದಿರಿ! ಆಮೇಲೆ ನನ್ನ ಮುಖ ನೋಡಿ, "ಸ್ವಲ್ಪ ದಪ್ಪ ಆಗಿದೀಯ" ಅಂದಿರಿ. ಅದನ್ನು ಕೇಳಲು ನಾನು ಅಷ್ಟು ದೂರ ಬಸ್ಸಿನಲ್ಲಿ ಬರಬೇಕಿತ್ತಾ?

ಅತ್ತೆ ನಗುತ್ತ ಹೊರಗೆ ಬಂದರಲ್ಲ, ಆಗ ಮಾತ್ರ ನನಗೆ ಬೇರೆ ಏನೂ ನೆನಪಾಗಲಿಲ್ಲ. "ತಿರುಗೋ ಲೆಕ್ಕ ಬಂದಿತ್ತು! ತಿರುಗ್ಸಿದೆ!" ಅಂತ ಅವರು ರಸ್ತೆಯಲ್ಲೇ ಕೂಗಿದಾಗ ಮೊದಲು ಅವರನ್ನು ತಬ್ಬಿಕೊಂಡದ್ದು ನಾನು. ನೀವು ಬೀಗರು, ದೂರ ನಿಂತು ಕೈ ಮುಗಿಯಬೇಕಾಯಿತು. ಆ ಒಂದು ವಿಷಯದಲ್ಲಿ ನಾನು ಗೆದ್ದೆ.

ಆದರೆ ಹೋಟೆಲಿನಲ್ಲಿ ನೀವಿಬ್ಬರೂ ಪ್ರಶ್ನೆಪತ್ರಿಕೆ ಹರಡಿಕೊಂಡು ಕೂತಿರಿ. ನನ್ನ ದೋಸೆ ಬಂತು, ನಿಮ್ಮ ದೋಸೆ ಆರಿತು. ನಾನು ಕುರ್ಚಿ ಎಳೆದು ನಿಮ್ಮಿಬ್ಬರ ಮಧ್ಯೆ ತೂರಿಸಿ, ಬಿಲ್ಲಿನ ಹಿಂದೆ ನಾನೂ ಲೆಕ್ಕ ಮಾಡಲು ಶುರು ಮಾಡಿದ್ದು ಅದಕ್ಕೇ. ನೀವು ನೋಡಿದಿರೋ ಇಲ್ಲವೋ ಗೊತ್ತಾಗಲಿಲ್ಲ. ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು, ವಾಪಸ್ ಕೊಟ್ಟು, ಕೈ ತೊಳೆಯಲು ಹೋದಿರಿ. ನಾನು ಬಸ್ ಸ್ಟ್ಯಾಂಡಿನವರೆಗೆ ನಿಮ್ಮಿಬ್ಬರನ್ನೂ ಬಿಟ್ಟು ಮುಂದೆ ಮುಂದೆ ನಡೆದೆ.

ಅಲ್ಲಿ ಅತ್ತೆಯನ್ನು ನೀವು ಎಷ್ಟು ಮರ್ಯಾದೆಯಿಂದ ಬೀಳ್ಕೊಟ್ಟಿರಿ! "ತಾವು ಒಮ್ಮೆ ಬಡವನ ಮನೆಗೆ ಬರಬೇಕು." ಅವರು ಕೈ ಮುಗಿದರು, ನೀವು ಕೈ ಮುಗಿದಿರಿ. ಮೇಷ್ಟ್ರೂ ಇಲ್ಲ, ವಿದ್ಯಾರ್ಥಿನಿಯೂ ಇಲ್ಲ, ಬರೀ ಬೀಗರು. ನಿಮ್ಮ ಬಸ್ಸು ಹೊರಟಿತು. ಆಗ ನೀವು ಕಿಟಕಿಯಿಂದ ತಲೆ ಹೊರಗೆ ಹಾಕಿ, ಹೊಸನಗರಕ್ಕೆಲ್ಲ ಕೇಳುವ ಹಾಗೆ, "ಏಯ್ ಯಶೂ! ಎರಡನೇದು ತಪ್ಪು! ಪೂರ್ತಿ ತಪ್ಪು! ಮನೆಗೆ ಹೋಗಿ ಇನ್ನೊಂದ್ಸಲ ಮಾಡೇ ಕತ್ತೆ!"

ಬಸ್ಸಿಗೆ ಕಾಯುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಕಡಲೆಕಾಯಿ ಮಾರುವವನು, "ಎಂತ ತಪ್ಪು ಮಾಡಿದ್ರಿ ಅಕ್ಕಾ?" ಅಂತ ಕೇಳಿಯೇಬಿಟ್ಟ. ನನಗೆ ನಾಚಿಕೆಯಾಗಬೇಕಿತ್ತು, ಅಲ್ವಾ? ತೀರ್ಥಹಳ್ಳಿ ಬರುವವರೆಗೂ ನಗುತ್ತಲೇ ಇದ್ದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಕತ್ತೆ ಅಂತ ಅವರಿಗೆ ನೀವು ಯಾವ ಜನ್ಮದಲ್ಲೂ ಅನ್ನುವ ಹಾಗಿಲ್ಲ.

ಮನೆಗೆ ಬಂದು ಸೀರೆ ಕೂಡ ಬದಲಾಯಿಸದೆ ಕೂತು ಮಾಡಿದೆ. 3x ≥ −12. ಋಣ ಸಂಖ್ಯೆ ಕಂಡ ಕೂಡಲೇ ಜಂಬದಿಂದ ಚಿಹ್ನೆ ತಿರುಗಿಸಿಬಿಟ್ಟಿದ್ದೆ. ಆದರೆ ಋಣ ಇದ್ದದ್ದು ಆಚೆ ಕಡೆ, ನಾನು ಭಾಗಿಸಿದ್ದು ಬರೀ ಮೂರರಿಂದ. ತಿರುಗಿಸಲೇಬಾರದಿತ್ತು. x ≥ −4. ಸೊನ್ನೆ ಇಟ್ಟೂ ನೋಡಿದೆ. ನೀವು ಹೇಳಿದ್ದೇ ಸರಿ, ಪೂರ್ತಿ ತಪ್ಪು.

ಅತ್ತೆ ಅಡುಗೆಮನೆಯಿಂದ ಎರಡು ಸಲ ಕೇಳಿದರು, "ಎಂತ ತಪ್ಪಾಗಿತ್ತೇ ಅದು? ನಂಗೂ ತೋರ್ಸು." ನಾನು ತೋರಿಸಲಿಲ್ಲ.

ಯಶೂ